ವಂಡ್ಸೆ ಸೀಮೆ ಮತ್ತು ವಿಧಾನ ಮಂಡಲ: ಎಳೆಯರ ನೆನಪು, ಕಲ್ಲು–ಹೊಯಿಗೆ, ಮನೆ

ವಂಡ್ಸೆ ಉಡುಪಿ ಜಿಲ್ಲೆಯ ಒಂದು ಹೋಬಳಿ ಕೇಂದ್ರ. ಕರಾವಳಿಯ ಹೆದ್ದಾರಿಯನ್ನು ಹೆಮ್ಮಾಡಿಯಲ್ಲಿ ಬಿಟ್ಟು ಕೊಲ್ಲೂರಿನ ಕಡೆ ತಿರುಗಿದರೆ ಸಿಗುವ, ಚಕ್ರಾ ನದಿ ಬದಿಯ ಸಣ್ಣ ಪೇಟೆ. ಪಶ್ಚಿಮಕ್ಕೆ ಗದ್ದೆ, ತೋಟ. ಪೂರ್ವಕ್ಕೆ ಹಾಡಿ, ಗುಡ್ಡೆ, ಆಮೇಲೆ ಘಟ್ಟದ ಕಾಡು. ವಂಡ್ಸೆಯನ್ನು ನಡುವಿಟ್ಟುಕೊಂಡು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮೂರು ಸಂಗತಿಗಳು ಶಾಸನಸಭೆಯ ಮಾತಿನಲ್ಲಿ ಮತ್ತು ಕಾನೂನಿನಲ್ಲಿ ಹೇಗೆ ಬಂದಿವೆ ಎಂಬುದನ್ನು ಈ ಲೇಖನ ಸಮೀಕ್ಷಿಸುತ್ತದೆ: ಎಳೆಯ ವಯಸ್ಸಿನಲ್ಲೇ ಹೋದವರ ಸ್ಮರಣೆ, ಗಣಿಗಾರಿಕೆ, ಬಡವರ ವಸತಿ. ಬೆಂಗಳೂರಿನಲ್ಲಿ ಇವು ಬೇರೆ ಬೇರೆ ಇಲಾಖೆಗಳ ಕಡತಗಳು. ಈ ಸೀಮೆಯಲ್ಲಾದರೆ ಮನೆ ಕಟ್ಟಲು ಮುರಕಲ್ಲು, ಅಂದರೆ ಕೆಂಪುಕಲ್ಲು, ಬೇಕು, ಕಲ್ಲು ಕಡಿದಲ್ಲಿ ಹೊಂಡ ಉಳಿಯುತ್ತದೆ, ಮಳೆಗಾಲದಲ್ಲಿ ಆ ಹೊಂಡಕ್ಕೆ ಶಾಲೆಯ ಹುಡುಗರು ಈಜಲು ಇಳಿಯುತ್ತಾರೆ. ಒಂದಕ್ಕೊಂದು ಅಂಟಿಕೊಂಡ ಈ ಸಂಗತಿಗಳನ್ನು ಸದನದ ಕಾರ್ಯಕಲಾಪ ಪಟ್ಟಿ ಬಿಡಿಬಿಡಿಯಾಗಿಯೇ ನೋಡುತ್ತ ಬಂದಿದೆ.

ಪ್ರಾತಿನಿಧ್ಯ

ಬ್ರಿಟಿಷರು ಕೆನರಾ ಜಿಲ್ಲೆಯನ್ನು ಒಡೆದಾಗ ಕುಂದಾಪುರ ತಾಲ್ಲೂಕು ಮೊದಲು ಉತ್ತರದ ಪಾಲಿಗೆ ಹೋಗಿ, ಬೇಗನೆ ದಕ್ಷಿಣಕ್ಕೆ ಮರಳಿತು. ಹೀಗಾಗಿ 1956ರ ನವೆಂಬರ್ 1ರವರೆಗೆ ಈ ಸೀಮೆಯ ಶಾಸನಸಭೆ ಮದ್ರಾಸಿನಲ್ಲಿತ್ತು. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಹುಟ್ಟಿದ ಪ್ರಜಾಪ್ರತಿನಿಧಿ ಸಭೆಗೂ ಇಲ್ಲಿನವರಿಗೂ ಸಂಬಂಧವಿರಲಿಲ್ಲ. 1946ರಲ್ಲಿ ಟಿ. ಪ್ರಕಾಶಂ ಅವರ ಮದ್ರಾಸ್ ಮಂತ್ರಿಮಂಡಲದಲ್ಲಿ ಕಂದಾಯ ಖಾತೆ ಹೊತ್ತಿದ್ದ ಕೆ. ಆರ್. ಕಾರಂತರು ಕೋಟದ ಮನೆತನದವರು, ಶಿವರಾಮ ಕಾರಂತರ ಅಣ್ಣ. ಕೋಟ ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದೆ.

1997ರ ಆಗಸ್ಟಿನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಅದಾಗಿ ಎರಡು ದಶಕಗಳ ಮೇಲೆ ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಾದವು. ಕ್ಷೇತ್ರಗಳ ಲೆಕ್ಕ ಮಾತ್ರ ಬೇರೆ ದಾರಿ ಹಿಡಿದಿದೆ. 2008ರ ಪುನರ್ವಿಂಗಡಣೆಯಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು. ಬೈಂದೂರು ಕ್ಷೇತ್ರ ಶಿವಮೊಗ್ಗ ಲೋಕಸಭೆಗೆ, ಕುಂದಾಪುರ ಕ್ಷೇತ್ರ ಉಡುಪಿ–ಚಿಕ್ಕಮಗಳೂರಿಗೆ ಸೇರಿದವು. ವಂಡ್ಸೆಯ ಮತದಾರ ಶಾಸಕನಿಗಾಗಿ ಬೈಂದೂರಿನ ಕಡೆ, ಸಂಸದನಿಗಾಗಿ ಘಟ್ಟದ ಮೇಲಿನ ಶಿವಮೊಗ್ಗದ ಕಡೆ ನೋಡಬೇಕು. ಸಂತೆ, ಆಸ್ಪತ್ರೆ, ಕೋರ್ಟಿಗೆ ಕುಂದಾಪುರವೇ ಹತ್ತಿರ.

ಇಲ್ಲಿಂದ ಹೋದವರು ಸದನದಲ್ಲಿ ಬಾಯಿ ಮುಚ್ಚಿ ಕುಳಿತವರೇನಲ್ಲ. 1970ರ ದಶಕದಲ್ಲಿ ಬೈಂದೂರನ್ನು ಪ್ರತಿನಿಧಿಸಿದ ಅಮಾಸೆಬೈಲಿನ ಎ. ಜಿ. ಕೊಡ್ಗಿ ಮುಂದೆ ಮೂರನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾಗಿ ಪಂಚಾಯತಿಗಳ ಪಾಲಿನ ಹಣದ ಬಗ್ಗೆ ವರದಿ ಕೊಟ್ಟರು. ಕುಂದಾಪುರದಿಂದ ನಾಲ್ಕು ಬಾರಿ ಗೆದ್ದಿದ್ದ ಕೆ. ಪ್ರತಾಪಚಂದ್ರ ಶೆಟ್ಟಿ 2018ರ ಡಿಸೆಂಬರಿನಿಂದ 2021ರ ಫೆಬ್ರವರಿವರೆಗೆ ವಿಧಾನ ಪರಿಷತ್ತಿನ ಸಭಾಪತಿ. 2020ರ ಡಿಸೆಂಬರ್ 15ರಂದು ಪರಿಷತ್ತಿನಲ್ಲಿ ನಡೆದ ಕೈಕೈ ಮಿಲಾವಣೆ ಅವರ ಪೀಠದ ಸುತ್ತಲೇ ಆದದ್ದು. ಹಾಲಾಡಿ ಶ್ರೀನಿವಾಸ ಶೆಟ್ಟಿ 1999ರಿಂದ ಐದು ಚುನಾವಣೆ ಗೆದ್ದರು. 2013ರಲ್ಲಿ ಪಕ್ಷೇತರರಾಗಿಯೂ ಗೆದ್ದರು. ಗ್ರಾಮ ಪಂಚಾಯತಿ ಮಟ್ಟದಿಂದ ಬೆಳೆದ ಕೋಟ ಶ್ರೀನಿವಾಸ ಪೂಜಾರಿ ಪರಿಷತ್ತಿನ ಸದಸ್ಯರಾಗಿ, ಮಂತ್ರಿಯಾಗಿ 2024ರಲ್ಲಿ ಲೋಕಸಭೆಗೆ ಹೋದರು. ಅವರನ್ನು ಪರಿಷತ್ತಿಗೆ ಕಳಿಸಿದ್ದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳ ಕ್ಷೇತ್ರ. ಅಂದರೆ ವಂಡ್ಸೆ ಪಂಚಾಯತಿಯ ಸದಸ್ಯರಿಗೂ ಮೇಲ್ಮನೆಯ ಒಂದು ಓಟು ಉಂಟು.

ಸದನದಲ್ಲಿ ಊರಿನ ಮಾತು

224 ಚುನಾಯಿತ ಸದಸ್ಯರ ವಿಧಾನಸಭೆಯಲ್ಲಿ ಒಂದು ಹೋಬಳಿಯ ಮಾತು ಬರಲು ಇರುವ ದಾರಿಗಳು ಕೆಲವೇ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು. ಉಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಬರುತ್ತದೆ. ಶೂನ್ಯ ವೇಳೆ, ಗಮನ ಸೆಳೆಯುವ ಸೂಚನೆ, ತುರ್ತು ಸಾರ್ವಜನಿಕ ಮಹತ್ವದ ವಿಷಯಕ್ಕೆ ನಿಯಮ 69, ಕಲಾಪ ನಿಲ್ಲಿಸಿ ಚರ್ಚೆ ಕೇಳಲು ನಿಯಮ 60ರ ನಿಲುವಳಿ ಸೂಚನೆ, ಇಷ್ಟು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಭೆಯಲ್ಲಿ ಸದಸ್ಯರಿಗೆ ತಮ್ಮ ಊರಿನ ವಿಷಯ ಹೇಳಲೆಂದೇ ತಲಾ 90 ಸೆಕೆಂಡಿನ ಅವಕಾಶವಿದೆ. ಅಲ್ಲಿ ಒಬ್ಬರು ಮಡಿದ ಯುವಕರನ್ನು ನೆನೆದರೆ ಮತ್ತೊಬ್ಬರು ಗಣಿಯ ಬಗ್ಗೆ, ಇನ್ನೊಬ್ಬರು ಆಸರೆಯ ಮನೆಗಳ ಬಗ್ಗೆ ಮಾತಾಡಿ ಕುಳಿತುಕೊಳ್ಳುತ್ತಾರೆ. ನಮ್ಮಲ್ಲಿ ಆ ಕೆಲಸ ಶೂನ್ಯ ವೇಳೆಯ ಗದ್ದಲದೊಳಗೆ ಆಗಬೇಕು.

ಸ್ಮರಣೆಗೆ ಮಾತ್ರ ಸದನ ಒಂದು ಖಚಿತ ಜಾಗ ಕೊಟ್ಟಿದೆ. ಅಧಿವೇಶನದ ಮೊದಲ ದಿನ ಸಂತಾಪ ಸೂಚನೆ. ನಿರ್ಣಯ ಓದಿದ ಮೇಲೆ ಎಲ್ಲರೂ ಎದ್ದು ಮೌನ. ಆ ಪಟ್ಟಿ ಹೆಚ್ಚಾಗಿ ಮಾಜಿ ಸದಸ್ಯರದ್ದು, ಸಾಹಿತಿ, ಕಲಾವಿದರದ್ದು. ಹಳ್ಳಿಯ ಮಕ್ಕಳು ಅದರಲ್ಲಿ ಬರುವುದು ದೊಡ್ಡ ದುರಂತದಲ್ಲಿ ಒಟ್ಟಿಗೆ ಹೋದಾಗ.

ಎಳೆಯರ ನೆನಪು

ಈ ಸೀಮೆಯ ಜನ ಮರೆಯದ ದಿನಗಳಲ್ಲಿ 2016ರ ಜೂನ್ 21 ಒಂದು. ತ್ರಾಸಿ ಸಮೀಪದ ಮೊವಾಡಿ ಕ್ರಾಸಿನಲ್ಲಿ ಶಾಲೆಗೆ ಮಕ್ಕಳನ್ನು ಒಯ್ಯುತ್ತಿದ್ದ ವ್ಯಾನಿಗೆ ಬಸ್ಸು ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. ಶಾಲಾ ವಾಹನಕ್ಕೆ ಎಷ್ಟು ಮಕ್ಕಳನ್ನು ತುಂಬಬಹುದು, ಹೆದ್ದಾರಿಯ ತಿರುವು ಹೇಗಿರಬೇಕು ಎಂಬ ಪ್ರಶ್ನೆಗಳು ಅಂದು ಜಿಲ್ಲೆಯಿಡೀ ಎದ್ದವು.

ಒಬ್ಬೊಬ್ಬರಾಗಿ ಹೋದವರ ಲೆಕ್ಕ ಬೇರೆ. ಘಟ್ಟದ ಬುಡದ ಹಳ್ಳಿಗಳಲ್ಲಿ ತೋಡು ದಾಟಲು ಅಡಿಕೆ ಮರ ಹಾಸಿ ಕಟ್ಟಿದ ಕಾಲುಸಂಕವೇ ದಾರಿ. ಬೇಸಗೆಯಲ್ಲಿ ಅದರ ಕೆಳಗೆ ಮೊಣಕಾಲು ನೀರೂ ಇರುವುದಿಲ್ಲ. ಆಷಾಢ, ಶ್ರಾವಣದಲ್ಲಿ ಅದೇ ತೋಡು ಸಂಕದ ಮಟ್ಟಕ್ಕೆ ಏರುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆಮೇಲೆ ಜಿಲ್ಲೆಯ ಕಾಲುಸಂಕಗಳ ಪಟ್ಟಿ ತಯಾರಿಸುವ ಕೆಲಸ ಚುರುಕಾಯಿತು. ಮಲೆನಾಡು, ಕರಾವಳಿಯ ಶಾಲೆಯ ದಾರಿಗಳಿಗೆ ಪುಟ್ಟ ಸೇತುವೆ ಕಟ್ಟುವ ‘ಶಾಲಾ ಸಂಪರ್ಕ ಸೇತು’ ಎಂಬ ಸರ್ಕಾರಿ ಯೋಜನೆಯೂ ಇಂಥ ಸಾವುಗಳ ಒತ್ತಡದಿಂದ ಬಂದದ್ದೇ. ಒಂದು ಮಗುವಿನ ಹೆಸರಿನಲ್ಲಿ ಮೌನ ಆಚರಿಸುವುದಕ್ಕಿಂತ ಆ ತೋಡಿಗೆ ಸಿಮೆಂಟಿನ ಸಂಕ ಹಾಕಿಸುವುದೇ ಶಾಸಕರಿಂದ ಊರು ಬಯಸುವ ಸ್ಮರಣೆ. ಇಲ್ಲಿ ಓಟು ಕೇಳಲು ಬಂದವರಿಗೆ ಇದು ಚೆನ್ನಾಗಿ ಗೊತ್ತು.

ಈ ವಿಷಯದಲ್ಲಿ ಮಕ್ಕಳೇ ಶಾಸಕರಿಗಿಂತ ಮುಂದೆ ಹೋದ ಚರಿತ್ರೆ ವಂಡ್ಸೆಯ ಪಕ್ಕದಲ್ಲೇ ಇದೆ. ದುಡಿಯುವ ಮಕ್ಕಳ ಪರವಾಗಿ ಕೆಲಸ ಮಾಡುವ ಸಂಸ್ಥೆಯೊಂದರ ನೆರವಿನಿಂದ 1990ರಲ್ಲಿ ಭೀಮ ಸಂಘ ಹುಟ್ಟಿತು. ಕುಂದಾಪುರ ತಾಲ್ಲೂಕಿನ ಕೆರಾಡಿ, ಆಲೂರು ಮೊದಲಾದ ಪಂಚಾಯತಿಗಳಲ್ಲಿ 1990ರ ದಶಕದ ನಡುವೆ ಮಕ್ಕಳ ಪಂಚಾಯತಿಗಳು ನಡೆದವು. ಚುನಾವಣೆ ಮಾಡಿ ಆರಿಸಿಬಂದ ಮಕ್ಕಳು ಶಾಲೆಯ ದಾರಿ, ಸಂಕ, ಕಟ್ಟಿಗೆ, ಸಾರಾಯಿ ಅಂಗಡಿಗಳ ವಿಷಯವನ್ನು ದೊಡ್ಡವರ ಮುಂದೆ ಇಟ್ಟರು. ಕೆರಾಡಿಯಲ್ಲಿ ಬೆಳೆದ ಮಕ್ಕಳ ಗ್ರಾಮಸಭೆಯ ಪದ್ಧತಿಯನ್ನು 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳಿಗೂ ಆದೇಶವಾಗಿ ಕೊಟ್ಟಿತು. ಪದವಿಪೂರ್ವ ಕಾಲೇಜುಗಳ ಯುವ ಸಂಸತ್ ಸ್ಪರ್ಧೆಯಲ್ಲಿ ಹುಡುಗರು ಸ್ಪೀಕರು, ಮಂತ್ರಿಗಳ ವೇಷ ಹಾಕುವುದುಂಟು, ಬಹುಮಾನ ಬರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಬರುವುದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಬರೆದುಕೊಳ್ಳಲೇಬೇಕಾದ ದೂರು.

ಕಲ್ಲು ಮತ್ತು ಹೊಯಿಗೆ

ಸಂವಿಧಾನದಡಿ ದೊಡ್ಡ ಖನಿಜಗಳ ಮೇಲೆ ಕೇಂದ್ರದ ಹಿಡಿತ ಹೆಚ್ಚು. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಮು ಉಪಖನಿಜಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿದೆ. ಮರಳು, ಕಟ್ಟಡದ ಕಲ್ಲು, ಮುರಕಲ್ಲು ಈ ಉಪಖನಿಜದ ಲೆಕ್ಕದಲ್ಲಿ ಬರುತ್ತವೆ. ಕರ್ನಾಟಕದಲ್ಲಿ ಅವುಗಳಿಗೆ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. ಆದ್ದರಿಂದ ಕುಂದಾಪುರ ಸೀಮೆಯ ಗಣಿಗಾರಿಕೆ ಎಂದರೆ ಸೀದಾ ರಾಜ್ಯದ ಶಾಸಕರ ಹೊಣೆ.

ಘಟ್ಟ ಮತ್ತು ಕಡಲಿನ ನಡುವಿನ ಗುಡ್ಡೆಗಳ ತಲೆಯ ಮೇಲೆಲ್ಲ ಮುರಕಲ್ಲಿನ ಹಾಸು ಇದೆ. ನೆಲದೊಳಗೆ ಹಸಿಯಾಗಿರುವಾಗ ಕತ್ತಿ, ಕೊಡಲಿಗೆ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. 1801ರಲ್ಲಿ ಕುಂದಾಪುರ, ಬೈಂದೂರುಗಳನ್ನು ದಾಟಿಕೊಂಡು ಹೋದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಕೊಟ್ಟ ಲ್ಯಾಟರೈಟ್ ಎಂಬ ಹೆಸರೇ ಲೋಕದ ಭೂವಿಜ್ಞಾನದಲ್ಲಿ ನಿಂತಿತು. ಆತ ಅದನ್ನು ಸರಿಯಾಗಿ ವಿವರಿಸಿದ್ದು ಮಲಬಾರಿನ ಅಂಗಾಡಿಪುರದಲ್ಲಿ. ದೇವಸ್ಥಾನದ ಪಾಗಾರದಿಂದ ಬಡವರ ಐದು ಸೆಂಟ್ಸ್ ಕಾಲೊನಿಯ ಗೋಡೆಯವರೆಗೆ ಇಲ್ಲಿ ಎಲ್ಲವೂ ಇದೇ ಕಲ್ಲು. ಕೈಯಿಂದ ಕಡಿಯುವ ಕಾಲದಲ್ಲಿ ಕೋರೆ ಮೆಲ್ಲಗೆ ಬೆಳೆಯುತ್ತಿತ್ತು. ಯಂತ್ರದ ಗರಗಸ ಬಂದ ಮೇಲೆ ಒಂದೇ ಬೇಸಗೆಯಲ್ಲಿ ಗುಡ್ಡೆಯ ನೆತ್ತಿ ಚೌಕಾಕಾರದ ಹೊಂಡವಾಗುತ್ತದೆ. ಬಿಟ್ಟುಹೋದ ಕಲ್ಲುಕೋರೆಗಳಿಗೆ ಬೇಲಿ ಹಾಕಬೇಕು, ಹೊಂಡ ಮುಚ್ಚಬೇಕು ಎಂಬ ಆದೇಶ ಜಿಲ್ಲಾಡಳಿತದಿಂದ ಮಳೆಗಾಲಕ್ಕೊಮ್ಮೆ ಹೊರಡುತ್ತದೆ. ಹೊಂಡ ಮುಚ್ಚುವ ಖರ್ಚನ್ನು ಕಲ್ಲು ಮಾರಿದವನಿಂದ ಮೊದಲೇ ವಸೂಲು ಮಾಡಿ ಇಟ್ಟುಕೊಳ್ಳದಿದ್ದರೆ ಆ ಆದೇಶ ಪತ್ರಿಕೆಯ ಸುದ್ದಿಯಾಗಿಯೇ ಮುಗಿಯುತ್ತದೆ. ಈ ಒಂದು ವಿಷಯಕ್ಕೆ ಸದನದಲ್ಲಿ ಅರ್ಧ ಗಂಟೆ ಕೊಟ್ಟರೆ ಸಂತಾಪ ಸೂಚನೆಗಳು ಕೆಲವಾದರೂ ಕಡಿಮೆಯಾದಾವು.

ಹೊಯಿಗೆಯ, ಅಂದರೆ ಮರಳಿನ, ಕತೆ ಇನ್ನೂ ಜಟಿಲ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳು ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಾಗಿ ಕಡಲು ಸೇರುವಲ್ಲಿ ಮರಳಿನ ದಿಬ್ಬಗಳು ಏಳುತ್ತವೆ. ಕಡಲ ಉಬ್ಬರ ತಲುಪುವ ಭಾಗ ಕರಾವಳಿ ನಿಯಂತ್ರಣ ವಲಯದ ನಿಯಮಕ್ಕೆ ಒಳಪಟ್ಟದ್ದು. ಅಲ್ಲಿ ಮಾರಾಟಕ್ಕಾಗಿ ಮರಳು ತೆಗೆಯುವಂತಿಲ್ಲ. 2011ರ ಅಧಿಸೂಚನೆಯ ನಂತರ ಕೇಂದ್ರ ಪರಿಸರ ಮಂತ್ರಾಲಯ ಒಂದು ಸಡಿಲಿಕೆ ಕೊಟ್ಟಿತು: ದೋಣಿಯ ಓಡಾಟಕ್ಕೆ ಅಡ್ಡಿಯಾದ ದಿಬ್ಬಗಳನ್ನು ಸ್ಥಳೀಯ ಸಾಂಪ್ರದಾಯಿಕ ಸಮುದಾಯದವರು ಯಂತ್ರವಿಲ್ಲದೆ ಕೈಯಿಂದ ತೆಗೆಯಬಹುದು. ಉಬ್ಬರ ತಲುಪದ ಮೇಲಿನ ಭಾಗಕ್ಕೆ ಟೆಂಡರು, ಪರಿಸರ ಅನುಮತಿ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದದ್ದರಿಂದ, ಹಳ್ಳಿಯ ಸಣ್ಣ ಕೋರೆ ಮತ್ತು ಸಣ್ಣ ಧಕ್ಕೆಗಳೆಲ್ಲ ಒಮ್ಮೆಲೇ ಕಾನೂನಿನ ಹೊರಗೆ ಬಿದ್ದವು. ಗುತ್ತಿಗೆ ಸಿಗದಿದ್ದರೂ ಮನೆ ಕಟ್ಟುವ ಕೆಲಸ ನಿಲ್ಲಲಿಲ್ಲ. ರಾತ್ರಿ ಲಾರಿಗಳು ಹುಟ್ಟಿಕೊಂಡವು.

ಆ ರಾತ್ರಿ ವ್ಯಾಪಾರದ ಮುಖ 2017ರ ಏಪ್ರಿಲ್ 2ರಂದು ರಾಜ್ಯಕ್ಕೆ ಕಂಡಿತು. ಕುಂದಾಪುರ ಸಮೀಪದ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆಯ ಮೇಲೆ ದಾಳಿಗೆ ಹೋದ ಆಗಿನ ಜಿಲ್ಲಾಧಿಕಾರಿ ಪ್ರಿಯಾಂಕಾ ಮೇರಿ ಫ್ರಾನ್ಸಿಸ್ ಮತ್ತು ಉಪವಿಭಾಗಾಧಿಕಾರಿ ಶಿಲ್ಪಾ ನಾಗ್ ಅವರ ಮೇಲೆ ಗುಂಪು ಹಲ್ಲೆ ಮಾಡಲು ನುಗ್ಗಿತು. 2018ರಲ್ಲಿ ಗಾಳಿ ತಿರುಗಿತು: ಮರಳು ಸಿಗುತ್ತಿಲ್ಲವೆಂದು ಜಿಲ್ಲೆಯ ಶಾಸಕರೇ ಧರಣಿ ಕುಳಿತರು. 2025ರ ಮಳೆಗಾಲದಲ್ಲಿ ಪಕ್ಕದ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಮರಳು ಎರಡೂ ಸಿಗದೆ ಕಟ್ಟಡ ಕೆಲಸದವರು ಬೀದಿಗಿಳಿದರು. ಅಕ್ರಮ ನಿಲ್ಲಿಸಿ ಎಂಬ ಕೂಗು ಮತ್ತು ಮರಳು ಕೊಡಿ ಎಂಬ ಕೂಗು ಒಂದೇ ಊರಿನವು, ಎಷ್ಟೋ ಸಲ ಒಂದೇ ಮನೆಯವು.

ಘಟ್ಟದ ಬುಡಕ್ಕೆ ಇನ್ನೊಂದು ಗೆರೆ ಇದೆ. ಕೊಲ್ಲೂರಿನ ಸುತ್ತ 1974ರಲ್ಲೇ ಮೂಕಾಂಬಿಕಾ ವನ್ಯಧಾಮವಾಯಿತು. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿಯ ಆಧಾರದಲ್ಲಿ ಕೇಂದ್ರ ಹೊರಡಿಸುತ್ತ ಬಂದ ಕರಡುಗಳು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿವೆ; ಅದರಲ್ಲಿ ಕುಂದಾಪುರ, ಬೈಂದೂರು ಭಾಗದ ಹಳ್ಳಿಗಳೂ ಸೇರಿವೆ. ಗಣಿ, ಕಲ್ಲುಕೋರೆ, ಮರಳುಗಾರಿಕೆಗೆ ಅಲ್ಲಿ ನಿಷೇಧ. ಕರಡಿನ ಕಟ್ಟಡ ನಿರ್ಬಂಧ 20,000 ಚದರ ಮೀಟರಿಗಿಂತ ದೊಡ್ಡವಕ್ಕೆ ಮಾತ್ರ. ಆದರೂ ಸಭೆಗಳಲ್ಲಿ ಹಬ್ಬಿದ್ದು, ಇನ್ನು ದನದ ಕೊಟ್ಟಿಗೆಗೂ ಪರವಾನಗಿ ಬೇಕೆಂಬ ಭಯ. ಪಕ್ಷಭೇದವಿಲ್ಲದೆ ರಾಜಕಾರಣಿಗಳು ಆ ಭಯವನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು.

ಅದಿರಿನ ಅಲೆ ಇಲ್ಲಿಗೆ ಬಂದ ಬಗೆ

ಬಳ್ಳಾರಿಯ ಕಬ್ಬಿಣದ ಅದಿರು ವಂಡ್ಸೆಗೆ ದೂರದ ಮಾತಾದರೂ, ಸದನದಲ್ಲಿ ಗಣಿ ಎಂದೊಡನೆ ನೆನಪಾಗುವುದು ಅದೇ. 2010ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ವಿರೋಧ ಪಕ್ಷಗಳ ಶಾಸಕರು ಸದನದೊಳಗೇ ಹಗಲು ರಾತ್ರಿ ಧರಣಿ ಕುಳಿತು ಅಲ್ಲೇ ಮಲಗಿದರು. ಆ ಬೆನ್ನಿಗೆ ಜುಲೈ 25ರಂದು ಸಿದ್ದರಾಮಯ್ಯ ಮೊದಲಾದ ಕಾಂಗ್ರೆಸ್ ಮುಖಂಡರು ಬಳ್ಳಾರಿಗೆ ಪಾದಯಾತ್ರೆ ಹೊರಟರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ನಿಟ್ಟೆಯ ಮನೆತನದವರು, ಲೋಕಸಭೆಯ ಸ್ಪೀಕರಾಗಿದ್ದ ಕೆ. ಎಸ್. ಹೆಗ್ಡೆಯವರ ಮಗ. 2011ರ ಜುಲೈ 27ರಂದು ಅವರು ಸಲ್ಲಿಸಿದ ವರದಿ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿತು. ನಾಲ್ಕು ದಿನದಲ್ಲಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಡಿ. ವಿ. ಸದಾನಂದ ಗೌಡ ಉಡುಪಿ–ಚಿಕ್ಕಮಗಳೂರಿನ ಸಂಸದ. ಆ ತೆರವಿಗೆ 2012ರ ಮಾರ್ಚಿನಲ್ಲಿ ಉಪಚುನಾವಣೆ ನಡೆದು, ಅಳಿಸಿಹೋದ ಬ್ರಹ್ಮಾವರ ಕ್ಷೇತ್ರದ ಮಾಜಿ ಶಾಸಕ ಕೆ. ಜಯಪ್ರಕಾಶ್ ಹೆಗ್ಡೆ ಗೆದ್ದು ದಿಲ್ಲಿಗೆ ಹೋದರು. ಯಡಿಯೂರಪ್ಪನವರನ್ನೂ ಅವರ ಮಗ ಬಿ. ವೈ. ರಾಘವೇಂದ್ರರನ್ನೂ ಬೇರೆ ಬೇರೆ ಅವಧಿಯಲ್ಲಿ ಲೋಕಸಭೆಗೆ ಆರಿಸಿದವರಲ್ಲಿ ಬೈಂದೂರಿನ ಮತದಾರರೂ ಇದ್ದಾರೆ. ಒಂದು ತುಣುಕು ಅದಿರನ್ನೂ ಕಾಣದ ಸೀಮೆಯ ಚುನಾವಣಾ ನಕ್ಷೆಯನ್ನು ಬಳ್ಳಾರಿಯ ಅದಿರು ಹೀಗೆ ಬದಲಿಸಿತು.

ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿಯ ಹಣ ಸೇರುವ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಶಾಸಕರಿಗೂ ಸ್ಥಾನವಿದೆ. ಅದಿರು ಇರುವ ಬಳ್ಳಾರಿಯಂಥ ಜಿಲ್ಲೆಗೆ ಅದು ದೊಡ್ಡ ಕಣಜ. ಕಲ್ಲು, ಮರಳನ್ನೇ ನಂಬಿದ ಉಡುಪಿಗೆ ಸಣ್ಣ ಹುಂಡಿ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕಲು ರಾಜ್ಯಗಳಿಗೆ ಅಧಿಕಾರವಿದೆ ಎಂದಿತು. ಅದೇ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕ ಅದಕ್ಕೊಂದು ಮಸೂದೆ ತಂದಿತು.

ಮನೆ

ವಸತಿಯ ಚರಿತ್ರೆಯಲ್ಲಿ ಇಲ್ಲಿನ ಮೊದಲ ದೊಡ್ಡ ತಿರುವು ದೇವರಾಜ ಅರಸು ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿದಾರರು ಏಳನೇ ನಮೂನೆಯ ಅರ್ಜಿ ಕೊಟ್ಟು ಒಡೆಯರಾದರು. ಊರವರು ಇವತ್ತಿಗೂ ಅದನ್ನು ‘ಡಿಕ್ಲರೇಷನ್’ ಎನ್ನುತ್ತಾರೆ. ಚಾಲಗೇಣಿಯೇ ಹೆಚ್ಚಾಗಿದ್ದ ಈ ಕರಾವಳಿಯಲ್ಲಿ ಒಕ್ಕಲೆಬ್ಬಿಸುವ ಭಯ ಹೋದದ್ದು ಆಗ. ಗೇಣಿಚೀಟಿಯೇ ಇಲ್ಲದೆ ಬೇರೆಯವರ ಹಿತ್ತಲಲ್ಲಿ ಬಿಡಾರ ಹಾಕಿಕೊಂಡಿದ್ದ ಕೂಲಿಯವರಿಗೆ ಮಾತ್ರ ಗದ್ದೆ ಸಿಗಲಿಲ್ಲ. ಅವರ ಪಾಲಿಗೆ ಜನತಾ ಮನೆಗಳು ಬಂದವು, 1990ರ ದಶಕದಲ್ಲಿ ಆಶ್ರಯ ಮನೆಗಳು, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಇವನ್ನೆಲ್ಲ ನಡೆಸುತ್ತದೆ. ವಿಧವೆಯರು, ಅಂಗವಿಕಲರು, ಕುಷ್ಠದಿಂದ ಗುಣವಾದವರು, ಎಚ್‌ಐವಿ ಬಾಧಿತರು, ಜೀತಮುಕ್ತರು ಮೊದಲಾದವರಿಗೆ ಪ್ರತ್ಯೇಕವಾಗಿ ಇರುವುದು ದೇವರಾಜ ಅರಸು ವಸತಿ ಯೋಜನೆ. ಬೇರೆ ದೇಶಗಳಲ್ಲಿ ಆಸರೆಯ ಮನೆ ಎಂದಾಗ ಮನೆಯ ಜತೆಗೆ ಆರೈಕೆಯೂ, ನೋಡಿಕೊಳ್ಳುವವರೂ ಇರುತ್ತಾರೆ. ನಮ್ಮ ಯೋಜನೆ ಗೋಡೆ ಮತ್ತು ಮಾಡಿಗೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಆ ಹಣವೂ ಮಂಜೂರಾಗುವುದು ಜಾಗ ಇದ್ದವನಿಗೆ. ವಂಡ್ಸೆ ಸೀಮೆಯಲ್ಲಿ ಗಂಟು ಬಿದ್ದಿರುವುದೇ ಇಲ್ಲಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಯಲ್ಲಿ 94ಸಿ ಕಲಮು ಇದೆ. ಆದರೆ ಗುಡ್ಡೆಯ ಜಾಗ ಒಂದೋ ಕುಮ್ಕಿ, ಅದಿಲ್ಲದಿದ್ದರೆ ಡೀಮ್ಡ್ ಫಾರೆಸ್ಟ್, ಅಂದರೆ ಕಾಡೆಂದು ಪರಿಗಣಿಸಿದ ಜಾಗ. ಕುಮ್ಕಿಯಲ್ಲಿ ಪಕ್ಕದ ವರ್ಗಜಾಗದ ಒಡೆಯನಿಗೆ ಸೊಪ್ಪು ಸೌದೆಯ ಸವಲತ್ತು ಬಹು ಹಿಂದಿನಿಂದ ನಡೆದುಬಂದಿದೆ, ಆದ್ದರಿಂದ ಅಲ್ಲಿ ಬಡವನಿಗೆ ಪಟ್ಟೆ ಕೊಡಲು ತಕರಾರು. ಡೀಮ್ಡ್ ಫಾರೆಸ್ಟ್ ಪಟ್ಟಿಯನ್ನು 2022ರ ಮೇಯಲ್ಲಿ ರಾಜ್ಯ ಸರ್ಕಾರ 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷಕ್ಕೆ ಇಳಿಸಿತು. ಕರಾವಳಿ, ಮಲೆನಾಡಿನ ಶಾಸಕರು ಪಕ್ಷ ಮರೆತು ವರ್ಷಾನುಗಟ್ಟಲೆ ಕೇಳಿದ್ದು ಇದನ್ನೇ. ಹಕ್ಕುಪತ್ರ ಬಂದವರಿಗೆ ಮುಂದಿನ ತೊಡಕು ಹೊಯಿಗೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ದರದಲ್ಲಿ ಕೊಡುವುದು 1.2 ಲಕ್ಷ ರೂಪಾಯಿ. ಕಂತು ಬಿಡುಗಡೆಗೆ ಪಂಚಾಂಗ, ಗೋಡೆ, ಮಾಡು ಎಂದು ಹಂತ ಹಂತವಾಗಿ ಫೋಟೊ ತೆಗೆಯಬೇಕು. ಮರಳು ಸಿಗದ ವರ್ಷ ಮನೆ ಗೋಡೆಯ ಮಟ್ಟಕ್ಕೇ ನಿಲ್ಲುತ್ತದೆ, ಕಂತೂ ನಿಲ್ಲುತ್ತದೆ. ವಸತಿ ಮಂತ್ರಿಯ ಉತ್ತರದಲ್ಲಿ ಅದು ಪ್ರಗತಿಯಲ್ಲಿರುವ ಮನೆ.

ಕರಾವಳಿಯ ಆದಿವಾಸಿಗಳಾದ ಕೊರಗರ ವಿಷಯದಲ್ಲಿ ಸ್ಮರಣೆ, ನೆಲ, ಮನೆ ಮೂರೂ ಕೂಡುತ್ತವೆ. ಅವರನ್ನು ಅವಮಾನಕ್ಕೆ ಗುರಿಮಾಡುವ ಅಜಲು ಪದ್ಧತಿಯನ್ನು ರಾಜ್ಯ ವಿಧಾನ ಮಂಡಲ 2000ದ ಕಾಯ್ದೆಯಿಂದ ನಿಷೇಧಿಸಿತು. ಅದಕ್ಕೂ ಮೊದಲೇ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಜಾಗ ಕೊಡಬೇಕೆಂದು 1994ರಲ್ಲಿ ಶಿಫಾರಸು ಮಾಡಿತ್ತು. ಆ ಕಾಲದ ಭೂಹೋರಾಟದ ನೆನಪಿಗೆ ಸಮುದಾಯದವರು ಪ್ರತಿ ಆಗಸ್ಟ್ 18ರಂದು ಭೂಮಿ ಹಬ್ಬ ಮಾಡುತ್ತಾರೆ. ಡೋಲು, ಕೊಳಲು ಹಿಡಿದು ಮುಂದೆ ನಡೆಯುವವರು ಈಗ ಓದಿದ ಹುಡುಗ ಹುಡುಗಿಯರು. 2023ರ ನವೆಂಬರ್ 15ರಂದು ಶುರುವಾದ ಕೇಂದ್ರದ ಪಿಎಂ ಜನ್‌ಮನ್ ಯೋಜನೆಯಲ್ಲಿ ಕರ್ನಾಟಕದಿಂದ ಸೇರಿದ್ದು ಕೊರಗರು ಮತ್ತು ಜೇನುಕುರುಬರು. ಒಂದು ಮನೆಗೆ ಅದರಲ್ಲಿ ಶೌಚಾಲಯ, ಕೂಲಿ ಸೇರಿ 2.39 ಲಕ್ಷ ರೂಪಾಯಿ ಇಟ್ಟಿದ್ದಾರೆ. ಎರಡೂವರೆ ಎಕರೆಯ ಶಿಫಾರಸಿಗೆ ಮೂರು ದಶಕ ಕಳೆದಿದೆ. ಭೂಮಿ ಹಬ್ಬದ ವೇದಿಕೆಗೆ ಬರುವ ಶಾಸಕರ ಮುಂದೆ ಇಡುವ ಮನವಿಯಲ್ಲಿ ಅದು ಇವತ್ತಿಗೂ ಮೊದಲ ಬೇಡಿಕೆ.